ಮಣ್ಣಿನ ಮೇಲೆ ಯಾಕೆ ಗೂಬೆ ಕೂರಿಸುತ್ತೀರಿ?

ನಾಶಿಕದ ಸಾತಪುರದಲ್ಲಿ ಹೊಸ ಮನೆಯ ಗೋಡೆ ಬಿರುಕು ಬಿಟ್ಟರೆ ಸಿಗುವ ಉತ್ತರ ಒಂದೇ: ‘ಕಾಳೀ ಮಾತಿ ಆಹೇ ಸಾಹೇಬ, ಕಾಯ ಕರಣಾರ?’ ಕಪ್ಪು ಮಣ್ಣು, ಏನು ಮಾಡಕ್ಕಾಗತ್ತೆ? ಬಿಲ್ಡರ್ ಇದನ್ನು ಹೇಳುತ್ತಾನೆ. ಅವನ ಸೂಪರ್‌ವೈಸರ್ ಹೇಳುತ್ತಾನೆ. ಪಕ್ಕದ ರೋಹೌಸಿನವರು ತಮ್ಮ ಗೋಡೆಯನ್ನೂ ತೋರಿಸಿ ಸಮಾಧಾನ ಹೇಳುತ್ತಾರೆ. ಛತ್ರಪತಿ ಸಂಭಾಜಿನಗರದ ವಾಳೂಜ್ ಕಡೆ ಇರುವ ಗೆಳೆಯರಿಗೂ ಇದೇ ಮಂತ್ರ ಕಿವಿಗೆ ಬಿದ್ದಿದೆ. ಕೊನೆಗೆ ಇಪ್ಪತ್ತು ವರ್ಷದ ಸಾಲ ಹೊತ್ತು ಎರಡು ಕೋಣೆ ಕೊಂಡ ನಮ್ಮ ಕನ್ನಡದ ಹುಡುಗನೂ ತಲೆಯಾಡಿಸಿ, ಬಿರುಕಿಗೆ ಪುಟ್ಟಿ ಮೆತ್ತಿಸಿ, ಅದರ ಮೇಲೊಂದು ಕ್ಯಾಲೆಂಡರ್ ತೂಗು ಹಾಕುತ್ತಾನೆ.

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಸೈಟುಗಳಲ್ಲಿ ಕಾಂಕ್ರೀಟಿನ ಗುಣಮಟ್ಟ ನೋಡುವುದು ನನ್ನ ಹೊಟ್ಟೆಪಾಡು. ಹುಟ್ಟಿ ಬೆಳೆದದ್ದು ವಿಜಯಪುರ ಜಿಲ್ಲೆಯ ಡೋಣಿ ಸೀಮೆಯಲ್ಲಿ, ಕಣ್ಣು ಹಾಯಿಸಿದಷ್ಟೂ ಎರೆ ಹೊಲವಿರುವಲ್ಲಿ. ಎರೆಮಣ್ಣು ಏನು ಮಾಡುತ್ತದೆ ಎಂಬುದು ನನಗೆ ಗೊತ್ತು. ಅದು ಯಾರಿಗೂ ಮೋಸ ಮಾಡುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ಕೈ ತೂರುವಷ್ಟು ಅಗಲ ಬಾಯಿ ಬಿಟ್ಟು, ‘ನಾನು ಹೀಗೇ ಇರುವುದು’ ಎಂದು ಎಲ್ಲರ ಕಣ್ಣೆದುರು ತೋರಿಸುತ್ತದೆ. ಮಳೆಗಾಲದಲ್ಲಿ ಉಬ್ಬಿ, ಬಾಯಿ ಮುಚ್ಚಿ, ಚಪ್ಪಲಿ ಕಿತ್ತುಕೊಳ್ಳುತ್ತದೆ. ಇಷ್ಟು ಬಹಿರಂಗವಾಗಿ ಬದುಕುವ ಇನ್ನೊಂದು ಮಣ್ಣಿಲ್ಲ. ಇಂಥ ಮಣ್ಣಿನ ಮೇಲೆ ಅದರ ಸ್ವಭಾವ ಗೊತ್ತೇ ಇಲ್ಲವೆಂಬಂತೆ ಮನೆ ಕಟ್ಟಿ, ಗೋಡೆ ಒಡೆದಾಗ ಮಣ್ಣಿನ ಮೇಲೆ ಗೂಬೆ ಕೂರಿಸುವುದು ಯಾವ ನ್ಯಾಯ?

ವಿಷಯ ಏನೆಂದು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ದಖ್ಖನ್ನಿನ ಕಪ್ಪು ಬಸಾಲ್ಟ್ ಕಲ್ಲು ಲಕ್ಷಾಂತರ ವರ್ಷ ಸವೆದು ಈ ಮಣ್ಣಾಗಿದೆ. ವಿಜಯಪುರ, ಕಲಬುರಗಿಯಿಂದ ಸೊಲ್ಲಾಪುರ, ಮರಾಠವಾಡ ದಾಟಿ ನಾಶಿಕದವರೆಗೆ ಹಾಸಿರುವುದು ಒಂದೇ ಕುಲದ ಮಣ್ಣು. ಹಾಗಾಗಿ ಗಡಿ ದಾಟಿ ಬಂದ ನಮಗೆ ಭಾಷೆ ಹೊಸದಾಯಿತೇ ಹೊರತು ನೆಲ ಹೊಸದಾಗಲಿಲ್ಲ. ಇದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ಅದರ ರಚನೆ ಪುಸ್ತಕದ ಹಾಳೆಗಳ ಹಾಗೆ. ನೀರು ಸಿಕ್ಕರೆ ಹಾಳೆ ಹಾಳೆಯ ನಡುವೆ ಸೇರಿಕೊಂಡು ಇಡೀ ಪುಸ್ತಕವೇ ದಪ್ಪವಾಗುತ್ತದೆ. ನೀರು ಆರಿದರೆ ಕುಗ್ಗುತ್ತದೆ. ನಮ್ಮ ಕಡೆಯ ಎರೆಯಲ್ಲಿ ಋತುಮಾನಕ್ಕೆ ತಕ್ಕ ಹಾಗೆ ಉಬ್ಬಿ ಕುಗ್ಗುವ ಪದರು ಸುಮಾರು 3.5 ಮೀಟರ್ ಆಳದವರೆಗೂ ಇರಬಹುದು ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ.

ಮನೆ ಕಟ್ಟಿದ ಮೇಲೆ ನಡೆಯುವುದು ಇಷ್ಟು. ಮನೆಯ ಮಧ್ಯಭಾಗದ ಕೆಳಗಿನ ಮಣ್ಣಿಗೆ ಬಿಸಿಲು ತಾಗುವುದಿಲ್ಲ, ಅದು ತೇವ ಉಳಿಸಿಕೊಳ್ಳುತ್ತದೆ. ಅಂಚಿನ ಮಣ್ಣು ಏಪ್ರಿಲ್-ಮೇ ತಿಂಗಳಲ್ಲಿ ಒಣಗಿ ಕುಗ್ಗುತ್ತದೆ, ಜುಲೈನಲ್ಲಿ ನೀರು ಕುಡಿದು ಉಬ್ಬುತ್ತದೆ. ನಡು ನಿಂತಲ್ಲೇ ನಿಂತಿರುತ್ತದೆ, ಅಂಚು ಏರಿ ಇಳಿಯುತ್ತದೆ. ಮೇಲಿರುವ ಇಟ್ಟಿಗೆ ಗೋಡೆಗೆ ಬಾಗುವ ಗುಣವಿಲ್ಲ, ಒಡೆಯುತ್ತದೆ. ಎಲ್ಲಿ ಒಡೆಯುತ್ತದೆ? ಎಲ್ಲಿ ದುರ್ಬಲವೋ ಅಲ್ಲಿ, ಅಂದರೆ ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ. ಮನೆ ಹಗುರವಾದಷ್ಟೂ ಕಷ್ಟ ಹೆಚ್ಚು. ಏಳು ಅಂತಸ್ತಿನ ಕಟ್ಟಡದ ಭಾರ ಮಣ್ಣಿನ ಉಬ್ಬನ್ನು ಒಂದಿಷ್ಟಾದರೂ ಅದುಮಿ ಹಿಡಿಯುತ್ತದೆ. ಅಂಥ ಕಟ್ಟಡಕ್ಕೆ ಹೇಗೂ ಆಳಕ್ಕೆ ಇಳಿಯಲೇಬೇಕಾಗುತ್ತದೆ. ಒಂದಂತಸ್ತಿನ ರೋಹೌಸಿಗೆ ಆ ಭಾರವೂ ಇಲ್ಲ, ಆ ಆಳವೂ ಇಲ್ಲ. ‘ಸಣ್ಣ ಮನೆ, ಇದಕ್ಕೆಲ್ಲ ಎಂಜಿನಿಯರ್ ಯಾಕೆ’ ಎಂಬ ಮಾತು ಎರೆಭೂಮಿಯ ಮಟ್ಟಿಗೆ ತಲೆಕೆಳಗು. ಸಣ್ಣ ಮನೆಗೇ ಹೆಚ್ಚು ಯೋಚನೆ ಬೇಕು.

ಹಾಗಾದರೆ ಇದಕ್ಕೆ ಮದ್ದಿಲ್ಲವೇ? ಇದೆ. ಇವತ್ತು ನಿನ್ನೆಯದೂ ಅಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದೇ ಎರೆಮಣ್ಣಿಗೆಂದು ಅಂಡರ್-ರೀಮ್ಡ್ ಪೈಲ್ ಎಂಬ ಅಡಿಪಾಯವನ್ನು ರೂಪಿಸಿತು. ನೆಲದಲ್ಲಿ ಕಿರಿದಾದ ರಂಧ್ರ ಕೊರೆದು, ತಳದಲ್ಲಿ ಅದನ್ನು ಗೆಡ್ಡೆಯ ಹಾಗೆ ಅಗಲಿಸಿ ಕಾಂಕ್ರೀಟು ತುಂಬುವುದು. ಗೆಡ್ಡೆಯ ಅಗಲ ಕಂಬದ ಎರಡೂವರೆ ಪಟ್ಟು. ಅದು ಉಬ್ಬಿ ಕುಗ್ಗುವ ಪದರದ ಕೆಳಗೆ ಕಾಲೂರಿ ನಿಲ್ಲುತ್ತದೆ. ಮೇಲಿನ ಮಣ್ಣು ಏನಾದರೂ ಕುಣಿಯಲಿ, ಮನೆ ಅಲುಗುವುದಿಲ್ಲ. ಪೈಲುಗಳನ್ನು ಕೂಡಿಸುವ ಬೀಮಿನ ಕೆಳಗೆ 80 ಮಿಲಿಮೀಟರ್ ಖಾಲಿ ಜಾಗ ಬಿಡಬೇಕು, ಮಣ್ಣು ಉಬ್ಬಿದರೆ ಬೀಮಿಗೆ ತಾಗಬಾರದು ಎಂದು. ಇದೆಲ್ಲ 1980ರಲ್ಲೇ ಭಾರತೀಯ ಮಾನಕವಾಗಿ ಅಚ್ಚಾಗಿದೆ. ಐಐಟಿ ಬಾಂಬೆಯ ಪ್ರೊಫೆಸರ್ ಆರ್.ಕೆ. ಕಟ್ಟಿಯವರು 1970ರ ದಶಕದಲ್ಲಿ ಇನ್ನೊಂದು ದಾರಿ ತೋರಿಸಿದರು. ಎರೆಯ ಮೇಲ್ಪದರ ತೆಗೆದು, ಅಂಟುಗುಣವಿದ್ದೂ ಉಬ್ಬದ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪಕ್ಕೆ ಧಮ್ಮಸು ಮಾಡಿ ಕೂರಿಸಿದರೆ ಕೆಳಗಿನ ಎರೆಯ ಉಬ್ಬು ಹತೋಟಿಗೆ ಬರುತ್ತದೆ. ಎರೆ ಸೀಮೆಯಲ್ಲಿ ಹಾಯುವ ಕಾಲುವೆಗಳ ಲೈನಿಂಗಿಗೆ ಈ ವಿಧಾನವೇ ಮಾನಕವಾಯಿತು. ಅಂದರೆ ಕಾಲುವೆ ಒಡೆಯಬಾರದೆಂದು ನಾವು ಯೋಚಿಸಿದ್ದೇವೆ. ಮನೆ ಒಡೆದರೆ ಮಾತ್ರ ‘ಕಾಯ ಕರಣಾರ’.

ಇನ್ನು ಮಣ್ಣಿನ ಪರೀಕ್ಷೆ. ನಾಶಿಕದ ನೆಲವೆಲ್ಲ ಒಂದೇ ಅಲ್ಲ. ಒಂದು ಪ್ಲಾಟಿನಲ್ಲಿ ಮೊಣಕಾಲುದ್ದ ಅಗೆದರೆ ಗರಸು, ಇಲ್ಲಿಯವರ ಬಾಯಲ್ಲಿ ಮುರೂಮ್, ಸಿಕ್ಕಿಬಿಡುತ್ತದೆ. ಇನ್ನೊಂದರಲ್ಲಿ ಆಳುದ್ದ ಅಗೆದರೂ ಎರೆ ಮುಗಿಯುವುದಿಲ್ಲ. ಆದ್ದರಿಂದಲೇ ಪ್ರತಿ ಪ್ಲಾಟಿಗೂ ಪರೀಕ್ಷೆ ಬೇಕು. ಎರೆಯ ಉಬ್ಬುಗುಣ ಅಳೆಯುವ ಪರೀಕ್ಷೆಯಂತೂ ಹೈಸ್ಕೂಲು ಪ್ರಯೋಗದಷ್ಟು ಸರಳ. ಒಣಗಿಸಿ ಜರಡಿ ಹಿಡಿದ ಮಣ್ಣಿನಿಂದ 10 ಗ್ರಾಮಿನ ಎರಡು ಪಾಲು ಮಾಡಿ, 100 ಮಿಲಿಲೀಟರಿನ ಎರಡು ಗಾಜಿನ ಅಳತೆಗೊಳವೆಗಳಿಗೆ ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ವ್ಯತ್ಯಾಸವನ್ನು ಶೇಕಡಾದಲ್ಲಿ ಹೇಳಿದರೆ ಆಯಿತು. ಶೇಕಡಾ 50ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, 100 ದಾಟಿದರೆ ಗಂಭೀರ, 200 ದಾಟಿದರೆ ತೀರಾ ಗಂಭೀರ. ಅಡಿಪಾಯದ ತೀರ್ಮಾನಕ್ಕೆ ಇದೊಂದೇ ಸಾಲದು, ಬೇರೆ ಪರೀಕ್ಷೆಗಳೂ ಬೇಕು. ಆದರೆ ಎಚ್ಚರಿಕೆಯ ಗಂಟೆಗೆ ಇಷ್ಟು ಸಾಕು. ಇಡೀ ಮಣ್ಣು ಪರೀಕ್ಷೆಯ ಖರ್ಚು ನೀವು ಆಸೆಪಟ್ಟು ಹಾಕಿಸುವ ಮಾಡ್ಯುಲರ್ ಕಿಚನ್ನಿನ ಒಂದು ಸಣ್ಣ ಪಾಲು ಅಷ್ಟೇ.

ನಾನು ಕಂಡ ಎಷ್ಟೋ ಸೈಟುಗಳಲ್ಲಿ ಆಗುವುದು ಬೇರೆಯೇ. ಪಕ್ಕದ ಸೊಸೈಟಿಗೆ ಮಾಡಿಸಿದ ವರದಿಯನ್ನೇ ಇದಕ್ಕೂ ಲಗತ್ತಿಸುತ್ತಾರೆ. ಕಾಲಂಗೆ ಗುಂಡಿ ತೋಡುತ್ತಾರೆ, ಗಟ್ಟಿ ನೆಲ ಸಿಗುವ ಮೊದಲೇ ‘ಬಸ್’ ಎನ್ನುತ್ತಾರೆ. ಮುಂದಿನ ಹೆಜ್ಜೆಯೇ ನನ್ನ ಸಿಟ್ಟಿಗೆ ಮುಖ್ಯ ಕಾರಣ. ಅಗೆದು ತೆಗೆದ ಎರೆಮಣ್ಣನ್ನು ಸಾಗಿಸಲು ಟ್ರ್ಯಾಕ್ಟರಿಗೆ ದುಡ್ಡು ಕೊಡಬೇಕು, ಹೊರಗಿನಿಂದ ಗರಸು ತರಿಸಲೂ ದುಡ್ಡು ಕೊಡಬೇಕು. ಎರಡನ್ನೂ ಉಳಿಸುವ ಉಪಾಯವೆಂದರೆ ಅದೇ ಎರೆಯನ್ನು ತಿರುಗಿ ಪ್ಲಿಂತಿನ ಒಳಗೆ ಸುರಿದು, ಮೇಲೆ ತೆಳ್ಳಗೆ ಕಾಂಕ್ರೀಟು ಹಾಸಿ, ಅದರ ಮೇಲೆ ಹೊಳೆಯುವ ಟೈಲ್ಸ್ ಕೂರಿಸುವುದು. ಮಾರುವ ದಿನ ಕನ್ನಡಿಯಂತೆ ಹೊಳೆಯುತ್ತದೆ. ಎರಡನೇ ಮಳೆಗಾಲಕ್ಕೆ ಹಾಲ್‌ನ ನಡುವಿನ ಟೈಲ್ಸು ಹಪ್ಪಳದ ಹಾಗೆ ಏಳುತ್ತದೆ. ಹಾಗೆಂದು ಎರೆಯ ಬದಲು ಬರೀ ಉಸುಕು ತುಂಬಿದರೂ ಸರಿಹೋಗುವುದಿಲ್ಲ. ಉಸುಕು ನೀರನ್ನು ತನ್ನೊಳಗೆ ಸೇರಿಸಿಕೊಂಡು ಕೆಳಗಿನ ಎರೆಗೆ ನಿಧಾನಕ್ಕೆ ಕುಡಿಸುತ್ತದೆ. ಒಳ್ಳೆಯ ಗರಸನ್ನು ತಂದು, ಪದರು ಪದರಾಗಿ ಹಾಕಿ, ನೀರು ಚಿಮುಕಿಸಿ ಧಮ್ಮಸು ಹೊಡೆಯಬೇಕು. ಕೆಲಸ ಬಹಳ, ಕಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಕಾಣದ ಕೆಲಸಕ್ಕೆ ಇಲ್ಲಿ ಬೆಲೆಯಿಲ್ಲ.

ಮಣ್ಣಿನ ಕತೆ ಇಷ್ಟಾದರೆ, ಬಿಸಿಲಿನದು ಇನ್ನೊಂದು. ಗೋಡೆ, ಸ್ಲ್ಯಾಬಿನ ಎಲ್ಲ ಬಿರುಕನ್ನೂ ‘ಕಾಳೀ ಮಾತಿ’ಯ ಲೆಕ್ಕಕ್ಕೆ ಬರೆಯುತ್ತಾರಲ್ಲ, ಅದರಲ್ಲಿ ಎಷ್ಟೋ ಬಿರುಕು ಮಣ್ಣಿಗೆ ಸಂಬಂಧವೇ ಇಲ್ಲದ್ದು. ಕಾಂಕ್ರೀಟು ಗಟ್ಟಿಯಾಗುವುದು ಒಣಗುವುದರಿಂದ ಅಲ್ಲ. ಸಿಮೆಂಟು ಮತ್ತು ನೀರಿನ ನಡುವಿನ ರಾಸಾಯನಿಕ ಕ್ರಿಯೆಯಿಂದ. ನೀರು ಆರಿಹೋದರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಐಎಸ್ 456 ಎಂಬ ಮಾನಕ ಹೇಳುತ್ತದೆ: ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಸಿಮೆಂಟಿಗೆ 10 ದಿನ, ಒಣ ಬಿಸಿಲ ಹವೆಯಲ್ಲಿ ಯಾವುದಕ್ಕೂ 10 ದಿನಕ್ಕೆ ಕಡಿಮೆ ಇಲ್ಲದಂತೆ ಕಾಂಕ್ರೀಟಿನ ಮೈ ಸದಾ ಒದ್ದೆಯಾಗಿರಬೇಕು. ಬೆರಕೆ ಸಿಮೆಂಟಿಗೆ ಇದನ್ನು 14 ದಿನಕ್ಕೆ ವಿಸ್ತರಿಸುವುದು ಒಳ್ಳೆಯದೆಂದೂ ಅದೇ ಹೇಳುತ್ತದೆ. ಮನೆ ಕಟ್ಟಲು ಅಂಗಡಿಯಲ್ಲಿ ಇವತ್ತು ಹೆಚ್ಚಾಗಿ ಸಿಗುವುದೇ ಬೆರಕೆ ಸಿಮೆಂಟು. ಗಾಳಿಯ ತಾಪ 40 ಡಿಗ್ರಿ ದಾಟಿದರೆ ಪಾಲಿಸಬೇಕಾದ ನಿಯಮಗಳಿಗೆ 1975ರಿಂದಲೇ ಪ್ರತ್ಯೇಕ ಮಾನಕವಿದೆ. ಉಸುಕು, ಖಡಿಯನ್ನು ನೆರಳಲ್ಲಿಡಿ, ತಣ್ಣೀರು ಬಳಸಿ, ಬೆಳಗಿನ ಜಾವ ಅಥವಾ ಸಂಜೆಯ ಮೇಲೆ ಹಾಕಿ, ಹಾಕಿದ ಕೂಡಲೇ ಮುಚ್ಚಿ. ಇದರಲ್ಲಿ ರಾಕೆಟ್ ವಿಜ್ಞಾನ ಎಲ್ಲಿದೆ?

ಮೇ ತಿಂಗಳ ಮಧ್ಯಾಹ್ನ ಸ್ಲ್ಯಾಬ್ ಹಾಕುವುದನ್ನು ಒಮ್ಮೆ ನಿಂತು ನೋಡಿ. ಬಿಸಿಲಿಗೆ ಕಲಸು ಬೇಗ ಬಿಗಿಯುತ್ತದೆ, ಬುಟ್ಟಿಯಿಂದ ಬೀಳುವುದಿಲ್ಲ, ಸಳಿಗಳ ನಡುವೆ ಇಳಿಯುವುದಿಲ್ಲ. ಆಗ ಮಿಕ್ಸರಿನವನು ಒಂದು ಬಕೆಟ್ ನೀರು ಹೆಚ್ಚು ಸುರಿಯುತ್ತಾನೆ. ಆ ಒಂದು ಬಕೆಟ್ಟಿನ ಲೆಕ್ಕ ಹೇಳುತ್ತೇನೆ. ಸಾಮಾನ್ಯ ಪರಿಸ್ಥಿತಿಯ ಸಳಿ ಕಾಂಕ್ರೀಟಿಗೆ ನೀರು-ಸಿಮೆಂಟಿನ ಪ್ರಮಾಣ 0.55 ದಾಟಬಾರದು. 50 ಕಿಲೋ ಚೀಲಕ್ಕೆ ಅದು 27.5 ಲೀಟರ್, ಉಸುಕಿನಲ್ಲಿರುವ ತೇವವೂ ಸೇರಿ. ಮೇಲೆ 10 ಲೀಟರ್ ಸುರಿದರೆ ಪ್ರಮಾಣ 0.75ಕ್ಕೆ ಏರಿತು. ಸಿಮೆಂಟಿಗೆ ಬೇಡವಾದ ಆ ನೀರು ಆಮೇಲೆ ಆವಿಯಾಗಿ ಹೋಗುತ್ತದೆ, ಹೋದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಶಕ್ತಿ ಕುಸಿಯುತ್ತದೆ, ಸ್ಲ್ಯಾಬು ಹೆಚ್ಚು ಕುಗ್ಗುತ್ತದೆ, ಮುಂದೆ ಅದೇ ರಂಧ್ರಗಳಿಂದ ಮಳೆನೀರು ಇಳಿದು ಸಳಿ ತುಕ್ಕು ಹಿಡಿಯುತ್ತದೆ. ಹಾಕಿದ ಎರಡು ಮೂರು ಗಂಟೆಯಲ್ಲೇ ಬಿಸಿಗಾಳಿಗೆ ಮೇಲ್ಮೈ ಜಾಲಜಾಲವಾಗಿ ಸೀಳುತ್ತದೆ. ಇದರಲ್ಲಿ ಎರೆಮಣ್ಣಿನ ತಪ್ಪೇನಿದೆ ಹೇಳಿ. ಅದು ಹತ್ತು ಅಡಿ ಕೆಳಗೆ ತನ್ನ ಪಾಡಿಗೆ ತಾನಿದೆ.

ಇಲ್ಲಿಯವರೆಗೆ ಮಾತು ಸಿಮೆಂಟು, ಮಣ್ಣಿನದು. ಮನುಷ್ಯರದು ಇನ್ನೂ ಬಂದಿಲ್ಲ.

ಸಾತಪುರದ ಸುತ್ತ ಏಳುವ ಇಂಥ ಮನೆಗಳನ್ನು ಕಟ್ಟುವವರಲ್ಲಿ ನಮ್ಮವರೂ ಇದ್ದಾರೆ. ವಿಜಯಪುರ, ಕಲಬುರಗಿ, ಯಾದಗಿರಿಯ ಹಳ್ಳಿ ತಾಂಡಾಗಳಿಂದ ಗುಳೆ ಎದ್ದು ಮುಂಬಯಿ, ಪುಣೆ, ಗೋವಾ ಎಂದು ಹೋಗುವ ಸಾಲಿನಲ್ಲಿ ಒಂದಿಷ್ಟು ಜನ ನಾಶಿಕಕ್ಕೂ ಬರುತ್ತಾರೆ. ನಾವೂ ಅದೇ ಜಿಲ್ಲೆಗಳಿಂದ ಬಂದವರೇ. ನಮ್ಮದು ‘ಟ್ರಾನ್ಸ್‌ಫರ್’, ಅವರದು ‘ಗುಳೆ’. ನಮಗೆ ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿದೆ, ಅವರಿಗೆ ನಾಕಾ. ಎರಡು ಕನ್ನಡಗಳೂ ಒಂದೇ ಸೈಟಿನ ಗೇಟಿನಲ್ಲಿ ಎದುರುಬದುರಾದಾಗ ನಮ್ಮ ಬಾಯಿಂದ ಬರುವುದು ಹಿಂದಿ.

ಗೋಡೆ ಒಡೆದಾಗ ಮಣ್ಣಿನ ನಂತರ ಬೈಸಿಕೊಳ್ಳುವವನು ಗೌಂಡಿ. ‘ಈ ಲೇಬರಿಗೆ ಬುದ್ಧಿಯಿಲ್ಲ.’ ನಾನು ಕೆಲಸ ಮಾಡಿದ ಒಂದು ಸೈಟಿನಲ್ಲಿ ಟೈಲ್ಸು ಎದ್ದವೆಂದು ಗೌಂಡಿಯ ಹದಿನೈದು ದಿನದ ಕೂಲಿ ಹಿಡಿದರು. ಇಂಡಿ ಕಡೆಯವನು. ಪ್ಲಿಂತ್ ತುಂಬುವಾಗ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ‘ಎರಿಯೊಳಗ ಎರಿ ತುಂಬಿದ್ರ ನಿಲ್ಲೂದಿಲ್ಲಂತ ನಮಗ ಗೊತ್ತಿಲ್ಲೇನ್ರಿ ಸಾಹೇಬ್ರ? ನಮ್ಮೂರಾಗ ಕಟ್ಟಿ ಕಟ್ಟಬೇಕಾದ್ರೂ ಗರಸ ಹುಡುಕ್ಕೊಂಡ ಹೋಗ್ತೀವಿ. ಹೇಳಿದ್ರ, ನಾಳಿಂದ ಬರಬ್ಯಾಡ ಅಂತಾರ’ ಎಂದ. ತಿಳಿವಳಿಕೆ ಅವನಲ್ಲಿತ್ತು, ತೀರ್ಮಾನ ಅವನ ಕೈಯಲ್ಲಿರಲಿಲ್ಲ. ತೀರ್ಮಾನ ಮಾಡಿದವರಿಗೆ ಕೂಲಿ ಹಿಡಿಯುವ ಅಧಿಕಾರವೂ ಇತ್ತು.

ಕ್ಯೂರಿಂಗಿನ ಕತೆ ಇದಕ್ಕಿಂತ ಕಹಿ. ಗೋಡೆ, ಸ್ಲ್ಯಾಬಿಗೆ ನೀರು ಹೊಡೆಯುವ ಕೆಲಸಕ್ಕೆ ಎಷ್ಟೋ ಸೈಟುಗಳಲ್ಲಿ ಪ್ರತ್ಯೇಕ ಆಳಿಲ್ಲ. ಸಿಮೆಂಟಿನ ಗೋದಾಮಿಗೆ ತಾಗಿ ತಗಡಿನ ಶೆಡ್ಡಿನಲ್ಲಿರುವ ವಾಚ್‌ಮನ್ನನ ಹೆಂಡತಿ ಅದನ್ನು ಮಾಡುತ್ತಾಳೆ, ಸಂಬಳವಿಲ್ಲದೆ. ಶೆಡ್ಡಿನಲ್ಲಿರಲು ಬಿಟ್ಟದ್ದೇ ಸಂಬಳ. ಲೆಕ್ಕ ಹಾಕಿ ನೋಡಿ: 1,000 ಚದರಡಿಯ ಸ್ಲ್ಯಾಬಿನ ಮೇಲೆ ಮಡಿ ಕಟ್ಟಿ 5 ಸೆಂಟಿಮೀಟರ್ ನೀರು ನಿಲ್ಲಿಸಲು ಸುಮಾರು 4,600 ಲೀಟರ್ ಬೇಕು. ಬಿಸಿಲಿಗೆ ಆರಿದ್ದನ್ನು ದಿನವೂ ತುಂಬಬೇಕು. ಒಂದು ಬೇಸಿಗೆಯಲ್ಲಿ ನಾನು ಸ್ಲ್ಯಾಬು ಬೆಳ್ಳಗೆ ಒಣಗಿ ನಿಂತದ್ದನ್ನು ಕಂಡು ಯಾಕೆ ನೀರು ಹಾಕಿಲ್ಲವೆಂದು ಕೇಳಿದಾಗ ಆ ತಾಯಿ ಹೇಳಿದ್ದು: ‘ಯಣ್ಣಾ, ಟ್ಯಾಂಕರ್ ಮೂರ ದಿನಕ್ಕೊಮ್ಮಿ ಬರತೈತಿ. ಇದ್ದ ನೀರ ಸ್ಲ್ಯಾಬಿಗಿ ಹಾಕ್ಲೋ, ಹುಡುಗ್ರಿಗಿ ಕುಡಸ್ಲೋ? ನೀನ ಹೇಳು.’

ನಾಶಿಕದ ಮೇಲ್ಗಡೆ ಗಂಗಾಪುರ ಅಣೆಕಟ್ಟು ಇದೆ, ಸಂಭಾಜಿನಗರದ ಕೆಳಗೆ ಜಾಯಕವಾಡಿ ಇದೆ. ಆದರೆ ಕಟ್ಟುತ್ತಿರುವ ಮನೆಗೆ ನೀರು ಬರುವುದು ಟ್ಯಾಂಕರಿನಲ್ಲಿ, ಟ್ಯಾಂಕರಿನ ದುಡ್ಡು ಬಿಲ್ಡರಿನ ಜೇಬಿನಿಂದ. ಕ್ಯೂರಿಂಗ್ ಎರಡು ದಿನಕ್ಕೆ ನಿಂತರೆ ಉಳಿತಾಯ ಅವನದು, ಬಿರುಕು ನಿಮ್ಮದು, ಬಾಯಾರಿಕೆ ಆ ಮಕ್ಕಳದು, ಬೈಗುಳ ಮಣ್ಣಿನದು.

ಈಗ ಎದುರು ವಾದಗಳಿಗೆ ಬರುತ್ತೇನೆ. ಮೊದಲನೆಯದು ನಮ್ಮಂಥ ಬರೆಯುವ ಓದುವ ಜನರಿಗೆ ಪ್ರಿಯವಾದದ್ದು: ‘ನಮ್ಮ ಅಜ್ಜನ ಮಣ್ಣಿನ ಮನೆ ನೂರು ವರ್ಷ ನಿಂತಿತ್ತು, ಈ ಸಿಮೆಂಟೇ ಬಂದು ಎಲ್ಲ ಕೆಡಿಸಿತು.’ ಪರವೂರಿನಲ್ಲಿ ಕೂತು ಊರಿನ ಮಣ್ಣಿನ ವಾಸನೆಯ ಬಗ್ಗೆ ಎಷ್ಟು ಕವಿತೆ ಬರೆದಿದ್ದೇವೆ ನಾವು! ಆ ಮಣ್ಣು ನೀರು ಕುಡಿದರೆ ಎಷ್ಟು ಉಬ್ಬುತ್ತದೆ ಎಂದು ಮಾತ್ರ ಯಾರೂ ಕೇಳಿಕೊಳ್ಳುವುದಿಲ್ಲ. ಅಜ್ಜನ ಮನೆಯೂ ಬಿರುಕು ಬಿಡುತ್ತಿತ್ತು. ಅಜ್ಜಿ ಹಬ್ಬಕ್ಕೊಮ್ಮೆ ಮಣ್ಣು ಮೆತ್ತಿ ಸಾರಿಸುತ್ತಿದ್ದಳು, ಮಾಳಿಗೆಗೆ ವರ್ಷ ವರ್ಷ ಮಣ್ಣು ಏರಿಸುತ್ತಿದ್ದರು. ಮಣ್ಣಿನ ಗೋಡೆ ಬಿರುಕನ್ನು ಸಹಿಸಿಕೊಳ್ಳುತ್ತಿತ್ತು, ಮನೆಯವರು ಅದನ್ನು ಸಹಜವೆಂದು ಮುಚ್ಚುತ್ತಿದ್ದರು. ನಿಂತ ಮನೆಗಳಷ್ಟೇ ನಮ್ಮ ಕಣ್ಣಿಗೆ ಬೀಳುತ್ತವೆ, ಕುಸಿದವು ನೆನಪಿನಲ್ಲೂ ಇಲ್ಲ. ಲಾತೂರಿನ ಕಿಲ್ಲಾರಿಯನ್ನು ಮರೆಯಬಾರದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿದಾಗ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು, ಅವುಗಳ ಮೇಲಿನ ಭಾರದ ಮಣ್ಣಿನ ಮಾಳಿಗೆಗಳು ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನ ಸತ್ತರು. ಅಲ್ಲಿಯದೂ ಇದೇ ಎರೆ ಸೀಮೆ, ನಮ್ಮ ಬೀದರ್, ಕಲಬುರಗಿಯ ನೆರೆ. ಹಳೆಯದೆಲ್ಲ ಒಳ್ಳೆಯದೆಂದು ಹಾಡುವುದು ಬೇಡ. ಸರಿಯಾಗಿ ಸಳಿ ಕಟ್ಟಿದ, ಸರಿಯಾಗಿ ನೀರುಂಡ ಕಾಂಕ್ರೀಟು ಜೀವ ಉಳಿಸುತ್ತದೆ. ನನ್ನ ಜಗಳ ಕಾಂಕ್ರೀಟಿನ ಜೊತೆಗಲ್ಲ, ಅರೆಬರೆ ಕಾಂಕ್ರೀಟಿನ ಜೊತೆಗೆ.

ಎರಡನೆಯ ವಾದ: ‘ಸರಿಯಾಗಿ ಕಟ್ಟಿದರೆ ಬಡ ಮಧ್ಯಮ ವರ್ಗಕ್ಕೆ ಮನೆ ಎಟುಕುವುದಿಲ್ಲ.’ ಇದು ಕರುಣೆಯ ವೇಷ ಹಾಕಿದ ವ್ಯಾಪಾರ. ಗರಸು, ಮಣ್ಣು ಪರೀಕ್ಷೆ, ಹದಿನಾಲ್ಕು ದಿನದ ನೀರು ಇವುಗಳಿಂದ ದರ ಏರುವುದು ನಿಜ. ಆದರೆ ಅದೇ ಬಿಲ್ಡರ್ ಗೇಟಿನ ಕಮಾನಿಗೆ, ಫಾಲ್ಸ್ ಸೀಲಿಂಗಿಗೆ, ಸ್ಯಾಂಪಲ್ ಫ್ಲ್ಯಾಟಿನ ಸೋಫಾಕ್ಕೆ ಖರ್ಚು ಮಾಡುವಾಗ ಬಡವರ ನೆನಪು ಬರುವುದಿಲ್ಲ. ನೆಲದ ಮೇಲಿನದನ್ನು ಕೊಳ್ಳುವವರು ನೋಡುತ್ತಾರೆ, ನೆಲದ ಕೆಳಗಿನದನ್ನು ಕೇಳುವುದಿಲ್ಲ. ಇದು ಅವನಿಗೆ ಚೆನ್ನಾಗಿ ಗೊತ್ತು.

ಇಲ್ಲಿ ನಿಮ್ಮ ಪಾಲೂ ಇದೆ ಓದುಗರೇ. ಮನೆ ನೋಡಲು ಹೋಗುವಾಗ ನಮ್ಮವರು ಜೊತೆಗೆ ವಾಸ್ತುವಿನವರನ್ನು ಕರೆದೊಯ್ಯುತ್ತಾರೆ. ಬಾಗಿಲು ಪೂರ್ವಕ್ಕಿದೆಯೇ, ಶೌಚಾಲಯ ಈಶಾನ್ಯಕ್ಕಿದೆಯೇ ಎಂದು ಕಂಪಾಸ್ ಹಿಡಿದು ನೋಡುತ್ತಾರೆ. ತಮಾಷೆಯೆಂದರೆ ವರಾಹಮಿಹಿರನ ಬೃಹತ್ಸಂಹಿತೆಯ ವಾಸ್ತುವಿದ್ಯೆಯ ಅಧ್ಯಾಯದಲ್ಲಿ ಮಣ್ಣಿನ ಪರೀಕ್ಷೆ ಇದೆ. ಮೊಳದುದ್ದ ಗುಂಡಿ ತೋಡಿ ಅದೇ ಮಣ್ಣಿನಿಂದ ತುಂಬಿ ನೋಡುವುದು, ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ನಡೆದು ಬಂದು ಎಷ್ಟು ಇಂಗಿತೆಂದು ನೋಡುವುದು. ಆ ಪರೀಕ್ಷೆ ಇವತ್ತಿನ ಎರೆಗೆ ಸಾಲದು, ಬಿಡಿ. ಆದರೆ ನೆಲವನ್ನು ಅಗೆದು ನೋಡಬೇಕು ಎಂಬ ವಿವೇಕ ಅವರಿಗಿತ್ತು. ದಿಕ್ಕು ಉಳಿಸಿಕೊಂಡು ಮಣ್ಣು ಬಿಟ್ಟವರು ನಾವು.

ಕಾನೂನು ಇಲ್ಲವೇ ಎಂದರೆ ಅದೂ ಇದೆ. 2016ರ ರೇರಾ ಕಾಯ್ದೆಯ 14ನೇ ಕಲಮಿನ ಪ್ರಕಾರ, ಮನೆ ಕೈಗೆ ಬಂದ 5 ವರ್ಷದೊಳಗೆ ರಚನೆಯ ದೋಷ ಅಥವಾ ಕೆಲಸದ ಗುಣಮಟ್ಟದ ದೋಷ ತೋರಿಸಿಕೊಟ್ಟರೆ, ಬಿಲ್ಡರ್ 30 ದಿನದೊಳಗೆ ಹೆಚ್ಚುವರಿ ದುಡ್ಡಿಲ್ಲದೆ ಸರಿಪಡಿಸಬೇಕು, ಇಲ್ಲವಾದರೆ ಪರಿಹಾರ ಕೊಡಬೇಕು. ‘ಕಾಳೀ ಮಾತಿ’ ಇದ್ದರೆ ವಿನಾಯಿತಿ ಎಂದು ಆ ಕಲಮಿನಲ್ಲಿ ಎಲ್ಲೂ ಬರೆದಿಲ್ಲ. ಆದರೆ 500 ಚದರ ಮೀಟರ್ ಮೀರದ ನೆಲಕ್ಕೆ ಅಥವಾ ಎಂಟು ಮನೆ ಮೀರದ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ. ನಮ್ಮವರು ಕೊಳ್ಳುವ ಸಣ್ಣ ಸಣ್ಣ ರೋಹೌಸುಗಳು ನುಸುಳುವುದು ಈ ಸಂದಿಯಲ್ಲೇ. ಹೆಚ್ಚು ಬಿರುಕು ಬಿಡುವ ಹಗುರ ಮನೆ, ಕಡಿಮೆ ಕಾವಲಿರುವ ಮನೆಯೂ ಹೌದು. ಈ ಮಿತಿಯನ್ನು ಇಳಿಸಬೇಕು. ಎರೆಭೂಮಿಯಲ್ಲಿ ಕಟ್ಟುವ ಯಾವ ಮನೆಗೂ, ಅದೆಷ್ಟೇ ಸಣ್ಣದಿರಲಿ, ಅದೇ ಪ್ಲಾಟಿನ ಮಣ್ಣು ವರದಿಯಿಲ್ಲದೆ ಪರವಾನಗಿ ಕೊಡಬಾರದು. ಅಲ್ಲಿಯವರೆಗೆ ಗ್ರಾಹಕ ಆಯೋಗದ ಬಾಗಿಲಂತೂ ತೆರೆದಿದೆ, ಮನೆ ನಿರ್ಮಾಣವೂ ಗ್ರಾಹಕ ಕಾನೂನಿನಲ್ಲಿ ಸೇವೆಯೇ.

ಕಟ್ಟುವವರಿಗೂ 1996ರಲ್ಲೇ ಕಾನೂನು ಬಂತು, ಕಟ್ಟಡದ ವೆಚ್ಚದ ಮೇಲೆ ಕಾರ್ಮಿಕರ ಕಲ್ಯಾಣಕ್ಕೆಂದು ಸೆಸ್ ಬಂತು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು ಎಂದಾಯಿತು. ಆದರೆ 90 ದಿನ ದುಡಿದದ್ದಕ್ಕೆ ಸಾಕ್ಷಿ ಪತ್ರ ಕೊಡುವವರು ಯಾರು? ಹದಿನೈದು ದಿನದ ಕೂಲಿ ಹಿಡಿದ ಅದೇ ಮನುಷ್ಯನೇ? ಮರಾಠಿ ಅರ್ಜಿ ತುಂಬಲು ಬಾರದ ಕನ್ನಡದ ಗೌಂಡಿಗೆ ಆ ಸೆಸ್ಸಿನ ಹಣ ಗಗನಕುಸುಮ.

ಬರೀ ಬೈದು ಮುಗಿಸಲಾರೆ. ಮನೆ ಕೊಳ್ಳುವ ಮೊದಲು ಕೇಳಲೇಬೇಕಾದವು ಇವು. ಈ ಪ್ಲಾಟಿನದೇ ಮಣ್ಣು ವರದಿ ಎಲ್ಲಿದೆ, ಉಬ್ಬುಗುಣ ಎಷ್ಟು ಶೇಕಡಾ? ಅಡಿಪಾಯ ಯಾವ ಆಳಕ್ಕೆ ಹೋಗಿದೆ, ಕೆಳಗೆ ಸಿಕ್ಕಿದ್ದೇನು? ಪ್ಲಿಂತಿನ ಒಳಗೆ ತುಂಬಿದ್ದು ಗರಸೋ, ಅಗೆದ ಎರೆಯೋ? ಸ್ಲ್ಯಾಬ್ ಯಾವ ತಿಂಗಳು ಹಾಕಿದಿರಿ, ಎಷ್ಟು ದಿನ ನೀರುಣಿಸಿದಿರಿ? ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ ಕೇಳಿ. ನಾಲ್ಕನೆಯ ಪ್ರಶ್ನೆಗೆ ಬಿಲ್ಡರಿಗಿಂತ ನಿಜವಾದ ಉತ್ತರ ಶೆಡ್ಡಿನಲ್ಲಿರುವ ಆ ತಾಯಿಯ ಹತ್ತಿರವಿದೆ. ಕನ್ನಡದಲ್ಲಿ ಕೇಳಿ, ಹೇಳುತ್ತಾಳೆ.

ಈಗಾಗಲೇ ಕೊಂಡಿದ್ದರೆ ಪುಟ್ಟಿ ಮೆತ್ತುವ ಮೊದಲು ಬಿರುಕನ್ನು ಓದಿ. ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಬೇಸಿಗೆಗೂ ಮಳೆಗಾಲಕ್ಕೂ ಅಗಲ ಬದಲಾಗುತ್ತಿದ್ದರೆ ಅಡಿಯ ಎರೆ ಆಡುತ್ತಿದೆ. ಒಂದೇ ದಿಕ್ಕಿನಲ್ಲಿ ಬೆಳೆಯುತ್ತಲೇ ಇದ್ದರೆ ಅಡಿಪಾಯ ಕುಸಿಯುತ್ತಿರಬಹುದು. ಸಳಿಯ ಗುಂಟ ನೇರ ಸಾಗಿ ಕಂದು ಕಲೆ ಇದ್ದರೆ ತುಕ್ಕು. ಕೂದಲೆಳೆಯ ಜಾಲ ಮಾತ್ರ ಇದ್ದರೆ ಬಿಸಿಲು ಮತ್ತು ನೀರಿನ ಕೊರತೆ. ಐದು ವರ್ಷದೊಳಗೆ ಈ ಫೋಟೊಗಳೇ ನಿಮ್ಮ ಸಾಕ್ಷಿ. ಜೊತೆಗೆ ಗೋಡೆಯ ಸುತ್ತ ಒಂದೂವರೆ-ಎರಡು ಮೀಟರ್ ಅಗಲಕ್ಕೆ ನೀರು ಇಳಿಯದ ಹಾಸು ಮಾಡಿಸಿ, ಮಾಳಿಗೆ ನೀರನ್ನು ಪೈಪಿನಲ್ಲಿ ದೂರ ಸಾಗಿಸಿ, ಸೋರುವ ಚರಂಡಿ ಮೊದಲು ಕಟ್ಟಿಸಿ, ಗೋಡೆಗೆ ತಾಗಿ ದೊಡ್ಡ ಮರ ನೆಡಬೇಡಿ. ಎರೆಗೆ ನೀರು ಕೂಡ ಶತ್ರುವಲ್ಲ, ಒಮ್ಮೆ ಅತಿ ಒಮ್ಮೆ ಇಲ್ಲ ಎಂಬ ಏರುಪೇರೇ ಶತ್ರು.

ಇನ್ನು ನಮ್ಮ ಸಂಘಗಳಿಗೊಂದು ಮಾತು. ಪ್ರತಿ ನವೆಂಬರಿನಲ್ಲಿ ವೇದಿಕೆ ಮೇಲೆ ತಾಯ್ನೆಲದ ಮಣ್ಣಿನ ಗುಣಗಾನ ಆಗುತ್ತದೆ. ಈ ಸಲ ಆ ಮಣ್ಣನ್ನೇ ಎರಡು ಗಾಜಿನ ಗೊಳವೆಗೆ ಹಾಕಿ, ಒಂದಕ್ಕೆ ನೀರು, ಒಂದಕ್ಕೆ ಸೀಮೆಎಣ್ಣೆ ಸುರಿದು ವೇದಿಕೆಯ ಮೇಲಿಡಿ. ಪಕ್ಕದಲ್ಲಿ ಒಂದು ಮೇಜು ಹಾಕಿ, ನಾಕಾದಲ್ಲಿ ನಿಲ್ಲುವ ನಮ್ಮ ಗೌಂಡಿ, ಹೆಣ್ಣಾಳುಗಳನ್ನು ಕರೆದು, ನೋಂದಣಿಯ ಮರಾಠಿ ಅರ್ಜಿ ತುಂಬಿಕೊಡಿ. ನಮ್ಮಲ್ಲಿ ಮರಾಠಿ ಬರೆಯಬಲ್ಲ ವಿದ್ಯಾರ್ಥಿಗಳಿಗೇನು ಬರವೇ? ಹಾಡು ಕುಣಿತ ಮುಗಿಯುವಷ್ಟರಲ್ಲಿ ಇಪ್ಪತ್ತು ಅರ್ಜಿಯಾದರೂ ಆಗುತ್ತವೆ. ಮಾರನೆಯ ದಿನ ಗೊಳವೆಯಲ್ಲಿ ಮಣ್ಣು ಎಷ್ಟು ಏರಿದೆ ನೋಡಿಕೊಂಡು, ಆಮೇಲೆ ಬಿಲ್ಡರಿನ ಆಫೀಸಿಗೆ ಹೋಗಿ.